ಹಿರಿಯಡ್ಕದ ಹತ್ತಿರ 38 ಊರ ಕೋಳಿ: ಒಂದು ಕೊಕ್ಕರೆ ರೋಗದ ಪ್ರಕರಣ

ಕೊಕ್ಕರೆ ರೋಗ ಅಂದರೆ ಕೋಳಿಗಳನ್ನು ಕೊಲ್ಲುವ ಒಂದು ವೈರಸ್ ಕಾಯಿಲೆ. ಅದರ ಲಸಿಕೆ ನಮಗೆ ಸಾಮಾನ್ಯವಾಗಿ ಸಿಗುವ ಸಣ್ಣ ಸೀಸೆಯಲ್ಲಿ 100 ಕೋಳಿಗೆ ಆಗುವಷ್ಟು ಇರುತ್ತದೆ. ನಾನು ಹೇಳಹೊರಟ ಮನೆಯಲ್ಲಿ ಇದ್ದದ್ದು 38 ಕೋಳಿ. ಸೀಸೆ ಒಡೆದು ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಫ್ರಿಜ್ಜಲ್ಲಿಟ್ಟು ನಾಳೆ ಹಾಕೋಣ ಅಂದರೆ ಅದು ಬರೀ ನೀರು. ಹಾಗಾಗಿ 2024ರ ಅಕ್ಟೋಬರ್‌ನಲ್ಲಿ ಆ ಮನೆಯ ಅಮ್ಮ ನನ್ನ ಹತ್ತಿರ ಲಸಿಕೆ ಕೇಳಿದಾಗ ನಾನು, "ಅಕ್ಕಪಕ್ಕದ ಮನೆಯವರದ್ದೂ ಸೇರಿ ಒಂದು ನೂರು ಕೋಳಿ ಆಗ್ಲಿ ಅಮ್ಮ, ಒಂದೇ ಸಲ ಬರ್ತೇನೆ" ಅಂದಿದ್ದೆ. ಅವರು ಎರಡು ಮನೆಯಲ್ಲಿ ಕೇಳಿದರಂತೆ. ಒಬ್ಬರು ಬೇಡ ಅಂದರು, ಇನ್ನೊಬ್ಬರು ಆಮೇಲೆ ನೋಡುವ ಅಂದರು. ನಾನು ಮತ್ತೆ ವಿಚಾರಿಸಲಿಲ್ಲ. ಐದು ತಿಂಗಳು ಹಾಗೇ ಕಳೆಯಿತು.

ನಾನು ಉಡುಪಿ ಜಿಲ್ಲೆಯಲ್ಲಿ ಕೆಲಸ ಮಾಡುವ ಪಶುವೈದ್ಯೆ. ದಿನದ ಹೆಚ್ಚಿನ ಹೊತ್ತು ದನ, ಕರು, ನಾಯಿಗಳಲ್ಲೇ ಹೋಗುತ್ತದೆ. ಊರ ಕೋಳಿಗೆ ಅಂತ ಡಾಕ್ಟರನ್ನು ಕರೆಯುವವರು ಕಡಿಮೆ. ಕೋಳಿ ಸತ್ತರೆ "ಕಾಯಿಲೆ ಬಂತು, ಹೋಯ್ತು" ಅಂತ ಬಿಟ್ಟುಬಿಡುತ್ತಾರೆ. ಈ ಪ್ರಕರಣ ಕೂಡ ಹಾಗೇ ಹೋಗಬಹುದಿತ್ತು. ಅದೇ ವಾರ ಟೀವಿಯಲ್ಲಿ ಹಕ್ಕಿ ಜ್ವರದ ಸುದ್ದಿ ಬರದೇ ಇದ್ದಿದ್ದರೆ ನನಗೆ ಫೋನೇ ಬರುತ್ತಿರಲಿಲ್ಲ.

ಮನೆ ಹಿರಿಯಡ್ಕದಿಂದ ಸ್ವಲ್ಪ ಒಳಗೆ. ಸುತ್ತ ಅಡಿಕೆ ತೋಟ, ಕೆಳಗೆ ಒಂದು ತೋಡು (ಸಣ್ಣ ಹಳ್ಳ), ಮೇಲೆ ಗೇರು ಗುಡ್ಡ. ಅಮ್ಮನಿಗೆ 60 ದಾಟಿದೆ, ಮಗ ಮಣಿಪಾಲದಲ್ಲಿ ಕೆಲಸಕ್ಕೆ ಹೋಗುತ್ತಾನೆ, ಮಗಳನ್ನು ಕಾರ್ಕಳದ ಕಡೆ ಕೊಟ್ಟಿದ್ದಾರೆ. ಕೋಳಿ ಪೂರ್ತಿ ಅಮ್ಮನದ್ದೇ. ಹೇಂಟೆ 14, ಹುಂಜ 3, ಎರಡು ಮೂರು ತಿಂಗಳ ಮರಿಗಳು 12, ತಿಂಗಳೂ ತುಂಬದ ಪಿಳ್ಳೆಗಳು 9. ಹಗಲಿಡೀ ತೋಟದಲ್ಲಿ ಕೆದಕುತ್ತವೆ, ಸಂಜೆ ಗೂಡಿಗೆ ಬರುತ್ತವೆ. ದೈವಗಳ ಕೋಲ, ತಂಬಿಲ ಇರುವ ತಿಂಗಳುಗಳಲ್ಲಿ ಊರ ಹುಂಜಕ್ಕೆ ಒಳ್ಳೆ ಬೆಲೆ, ಕಿಲೋಗೆ 400 ರೂಪಾಯಿ ಮೇಲೆ ಕೊಟ್ಟು ಮನೆಗೇ ಬಂದು ಒಯ್ಯುತ್ತಿದ್ದರು. ಆ ದುಡ್ಡು ಅಮ್ಮನ ಕೈಯಲ್ಲೇ ಇರುತ್ತಿತ್ತು. ಮೊಮ್ಮಗಳ ಕಿವಿಗೆ ಓಲೆ ಮಾಡಿಸಿದ್ದು ಅದರಲ್ಲೇ ಅಂತ ನನಗೆ ತೋರಿಸಿದ್ದರು. ಹಿತ್ತಲ ಕೋಳಿ ಅಂದರೆ ಸುಮ್ನೆ ಒಂದು ಹವ್ಯಾಸ ಅಂತ ತಿಳಿಯುವವರಿಗೆ ಇದು ಗೊತ್ತಿರಲಿ.

ಫೋನ್ ಬಂದದ್ದು 2025ರ ಮಾರ್ಚ್ 3, ಸೋಮವಾರ ಬೆಳಿಗ್ಗೆ. ಶಿವರಾತ್ರಿ ಕಳೆದು ಐದು ದಿನ ಆಗಿತ್ತು. ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ, ಬಳ್ಳಾರಿ ಜಿಲ್ಲೆಯ ಸಂಡೂರಿನ ಕುರೆಕುಪ್ಪದಲ್ಲಿ ಹಕ್ಕಿ ಜ್ವರ ಅಂತ ಎಲ್ಲ ಚಾನೆಲ್‌ನಲ್ಲೂ ಬರುತ್ತಿತ್ತು. ಅದಕ್ಕೂ ಮೊದಲು ಆಂಧ್ರದ ಗೋದಾವರಿ ಜಿಲ್ಲೆಗಳ ಸುದ್ದಿ ಬಂದಿತ್ತು. ಅಮ್ಮನ ದನಿ ನಡುಗುತ್ತಿತ್ತು.

"ಡಾಕ್ಟ್ರೇ, ಕೋಳಿ ಒಂದೊಂದೇ ತೂಕಡಿಸಿ ಬೀಳ್ತಾ ಉಂಟು. ನಿನ್ನೆ ಮೂರು, ಇವತ್ತು ಬೆಳಿಗ್ಗೆ ಗೂಡು ತೆಗೆದ್ರೆ ಆರು. ಟೀವಿಯಲ್ಲಿ ಹೇಳ್ತಾರಲ್ಲ, ಅದೇಯಾ? ನಮ್ಮನ್ನು ಹಿಡ್ಕೊಂಡು ಹೋಗ್ತಾರಾ?"

ಯಾರೂ ಯಾರನ್ನೂ ಹಿಡಿದುಕೊಂಡು ಹೋಗುವುದಿಲ್ಲ ಅಂತ ಮೊದಲು ಹೇಳಿದೆ. ಆಮೇಲೆ ಮೂರೇ ಮಾತು. ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ತೋಡಿಗೆ ಎಸೆಯಬೇಡಿ, ಬದುಕಿರುವುದನ್ನು ಯಾರಿಗೂ ಕೊಡಬೇಡಿ. ಮೂರನೆಯದಕ್ಕೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಗಲೇ ನನಗೆ ಅರ್ಥವಾಯಿತು, ಕೊಟ್ಟು ಆಗಿದೆ ಅಂತ.

ಹೋಗಿ ಕೂತು ಕೇಳಿದಾಗ ಕಥೆ ತುಂಡು ತುಂಡಾಗಿ ಹೊರಗೆ ಬಂತು. ಫೆಬ್ರವರಿ 23ರ ಭಾನುವಾರ ಅಳಿಯ ಒಂದು ಹುಂಜ ತಂದು ಬಿಟ್ಟಿದ್ದ. ಅಂಕದ ಕೋಳಿ, ಅಂದರೆ ಕಾಳಗಕ್ಕೆ ಸಾಕಿದ್ದು, ನೋಡಲಿಕ್ಕೆ ರಾಜನ ಹಾಗೆ ಇತ್ತು, ಯಾರದ್ದೋ ಕೈಯಿಂದ ಕೈಗೆ ದಾಟಿ ಬಂದದ್ದು. ಬಂದ ದಿನವೇ ಬೇರೆ ಕೋಳಿಗಳ ಜೊತೆ ಗೂಡಿಗೆ ಸೇರಿಸಿದ್ದರು. ಮಾರ್ಚ್ 1ರ ಶನಿವಾರ ಎರಡು ಮರಿ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದವು. "ಬಿಸಿಲು ಜಾಸ್ತಿ, ಹಾಗೆ" ಅಂದುಕೊಂಡರು. ಭಾನುವಾರ ಮೂರು ಸತ್ತವು. ಒಂದು ಹೇಂಟೆ ಮಂಕಾಗಿತ್ತು, ಸಾಯುವುದಕ್ಕೆ ಮೊದಲು ಕೊಯ್ದು ಪದಾರ್ಥ ಮಾಡಿದರು. ಗಟ್ಟಿಮುಟ್ಟಾಗಿ ಕಂಡ ಎರಡು ಒಳ್ಳೆ ಹೇಂಟೆಗಳನ್ನು, ಇವಾದರೂ ಉಳಿಯಲಿ ಅಂತ ಮಗಳ ಮನೆಗೆ ಕಳಿಸಿದರು.

ಇದನ್ನು ಓದಿ ಅಮ್ಮನ ಮೇಲೆ ಸಿಟ್ಟು ಮಾಡಬೇಡಿ. ಕರಾವಳಿಯ ಯಾವ ಮನೆಯಲ್ಲೂ ಹೀಗೇ ಮಾಡುತ್ತಾರೆ. ಉಳಿಸಬೇಕು ಅನ್ನುವ ಆಸೆಯಿಂದಲೇ ಮಾಡುವ ಕೆಲಸ ಅದು. ಆದರೆ ಈ ವೈರಸ್ಸಿಗೆ ಅದಕ್ಕಿಂತ ಒಳ್ಳೆ ಸವಾರಿ ಇನ್ನೊಂದಿಲ್ಲ. ಮೈಯೊಳಗೆ ಸೇರಿದ ಮೇಲೆ ಲಕ್ಷಣ ಕಾಣಲಿಕ್ಕೆ ಸಾಮಾನ್ಯವಾಗಿ ಐದಾರು ದಿನ ಬೇಕು, ಕೆಲವೊಮ್ಮೆ ಎರಡೇ ದಿನ, ಕೆಲವೊಮ್ಮೆ ಹದಿನೈದು. ಗಟ್ಟಿಮುಟ್ಟಾಗಿ ಕಾಣುವ ಕೋಳಿ ಆ ಹೊತ್ತಿಗೆ ವೈರಸ್ ಹೊತ್ತಿರಬಹುದು, ಉಗುಳಿನಲ್ಲಿ, ಹಿಕ್ಕೆಯಲ್ಲಿ ಹರಡುತ್ತಲೂ ಇರಬಹುದು.

ನಾನು ನೋಡಿದ್ದು ಏನು ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಮನೆಯಲ್ಲಿ ಕೋಳಿ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ. ಬದುಕಿದ್ದ 26ರಲ್ಲಿ ಹತ್ತು ಹನ್ನೆರಡು ಕೋಳಿ ಮೈ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ನಿಂತಿದ್ದವು. ಕೆಲವು ಬಾಯಿ ತೆರೆದು ಕತ್ತು ಚಾಚಿ ಉಸಿರು ಎಳೆಯುತ್ತಿದ್ದವು, ಹತ್ತಿರ ಹೋದರೆ ಗೊರಗೊರ ಶಬ್ದ. ಗೂಡಿನ ಕೆಳಗೆ ಹಿಕ್ಕೆ ನೀರು ನೀರಾಗಿ, ಹಸಿರು ಬಣ್ಣಕ್ಕೆ ತಿರುಗಿತ್ತು. ಒಂದು ಮರಿಗೆ ಒಂದು ಕಾಲು ಎಳೆದುಹೋಗಿತ್ತು. ಇನ್ನೊಂದರ ಕತ್ತು ತಿರುಚಿ ತಲೆ ಬೆನ್ನಿನ ಮೇಲೆ ಬಂದಿತ್ತು, ಕಾಳು ಹಾಕಿದರೆ ಕುಕ್ಕಲಿಕ್ಕೆ ಹೋಗುತ್ತದೆ, ಕೊಕ್ಕು ಗುರಿ ತಪ್ಪುತ್ತದೆ, ಮತ್ತೆ ಹೋಗುತ್ತದೆ, ಮತ್ತೆ ತಪ್ಪುತ್ತದೆ. ಇಷ್ಟು ವರ್ಷ ಈ ಕೆಲಸದಲ್ಲಿದ್ದರೂ ಅದನ್ನು ನೋಡುತ್ತಾ ನಿಲ್ಲಲು ನನಗೆ ಆಗುವುದಿಲ್ಲ. ಹಿಂದಿನ ವಾರ ಮೊಟ್ಟೆ ಇಳಿದಿತ್ತು, ಒಂದೆರಡು ಮೊಟ್ಟೆ ಚಿಪ್ಪು ಮೆತ್ತಗಾಗಿ ಸೊಟ್ಟಗೆ ಬಂದಿದ್ದವು ಅಂತ ಅಮ್ಮ ನೆನಪು ಮಾಡಿಕೊಂಡು ಹೇಳಿದರು.

ಕತ್ತು ತಿರುಚುವುದು, ಹಸಿರು ಭೇದಿ, ಉಸಿರಾಟದ ತೊಂದರೆ. ಈ ಮೂರೂ ಒಟ್ಟಿಗೆ ಕಂಡರೆ ನಮ್ಮ ತಲೆಗೆ ಮೊದಲು ಬರುವುದು ರಾಣಿಖೇತ್ ರೋಗ, ಅಂದರೆ ನಮ್ಮ ಕೊಕ್ಕರೆ ರೋಗ. ಆದರೆ ಹಕ್ಕಿ ಜ್ವರದಲ್ಲೂ ಇವು ಬರಬಹುದು. ಹಕ್ಕಿ ಜ್ವರದಲ್ಲಿ ಜುಟ್ಟು ನೀಲಿಯಾಗುವುದು, ಮುಖ ಊದುವುದು, ಕಾಲಿನ ಚರ್ಮದ ಕೆಳಗೆ ರಕ್ತದ ಕಲೆ, ಒಂದೂ ಲಕ್ಷಣ ತೋರಿಸದೆ ರಾತ್ರಿ ಬೆಳಗಾಗುವುದರೊಳಗೆ ಸಾಯುವುದು ಜಾಸ್ತಿ. ಇಲ್ಲಿ ಎರಡು ಹೇಂಟೆಗಳ ಜುಟ್ಟು ಕಪ್ಪಾಗಿತ್ತು. ಕಣ್ಣಳತೆಯಲ್ಲಿ ಇವೆರಡನ್ನು ಬೇರೆ ಮಾಡಲಿಕ್ಕೆ ಆಗುವುದಿಲ್ಲ. ಎಷ್ಟೇ ಅನುಭವ ಇದ್ದವರಾದರೂ ಅಷ್ಟೇ. ಯಾರಾದರೂ ಫೋನಲ್ಲಿ ಫೋಟೋ ನೋಡಿ "ಇದು ಮಾಮೂಲಿ ಕೊಕ್ಕರೆ ರೋಗ, ಹೆದರಬೇಡಿ" ಅಂದರೆ ನಂಬಬೇಡಿ. "ಇದು ಹಕ್ಕಿ ಜ್ವರವೇ" ಅಂದರೂ ನಂಬಬೇಡಿ.

ಬೇರೆ ದಿನ ಆಗಿದ್ದರೆ ನಾನು ಅಲ್ಲೇ ತೋಟದಲ್ಲಿ ಒಂದು ಕೋಳಿ ಕೊಯ್ದು ನೋಡುತ್ತಿದ್ದೆ. ಕಾಳು ಅರೆಯುವ ಗಟ್ಟಿ ಹೊಟ್ಟೆಗಿಂತ ಮೊದಲು ಇನ್ನೊಂದು ಮೆತ್ತನೆ ಹೊಟ್ಟೆ ಬರುತ್ತದೆ, ಅದರ ಒಳಗೋಡೆಯ ಸಣ್ಣ ಸಣ್ಣ ಗುಳ್ಳೆಗಳ ತುದಿಯಲ್ಲಿ ರಕ್ತದ ಚುಕ್ಕಿ ಇದ್ದರೆ ಕೊಕ್ಕರೆ ರೋಗದ ಸಂಶಯ ಗಟ್ಟಿಯಾಗುತ್ತದೆ. ಆದರೆ ಹಕ್ಕಿ ಜ್ವರದ ಸಂಶಯ ಇರುವಾಗ ಬಯಲಲ್ಲಿ ಕೋಳಿ ಕೊಯ್ಯಬಾರದು. ಆ ರಕ್ತ, ಆ ಕರುಳು ಎಲ್ಲ ಕಡೆ ಹರಡುತ್ತದೆ, ಕೊಯ್ಯುವವರಿಗೂ ಅಪಾಯ. ಹಾಗಾಗಿ ಮೇಲಧಿಕಾರಿಗಳಿಗೆ ತಿಳಿಸಿ, ಮಾಸ್ಕ್, ಕನ್ನಡಕ, ಎರಡು ಪದರ ಗ್ಲೌಸ್ ಹಾಕಿಕೊಂಡು ಐದು ಕಾಯಿಲೆ ಕೋಳಿಗಳ ಗಂಟಲಿನಿಂದ, ಹಿಂಬದಿಯಿಂದ ಹತ್ತಿಕಡ್ಡಿಯಲ್ಲಿ ಸ್ವಾಬ್ ತೆಗೆದೆವು. ಆಗಷ್ಟೇ ಸತ್ತ ಎರಡು ಕೋಳಿಗಳನ್ನು ಇಡಿಯಾಗಿ ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಐಸ್ ಪೆಟ್ಟಿಗೆಗೆ ಹಾಕಿದೆವು. ಅದು ಆ ರಾತ್ರಿಯೇ ಬೆಂಗಳೂರಿನ ಹೆಬ್ಬಾಳದ ಲ್ಯಾಬ್‌ಗೆ ಹೊರಟಿತು. ಅಲ್ಲಿ ಹಕ್ಕಿ ಜ್ವರದ ಸುಳಿವು ಸಿಕ್ಕಿದ್ದರೆ ಕೊನೆಯ ಮಾತು ಹೇಳುವುದು ಭೋಪಾಲದ ಹೈ ಸೆಕ್ಯುರಿಟಿ ಲ್ಯಾಬ್. ದೇಶದಲ್ಲಿ ಮೊದಲ ಸಲ, 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿ ಜ್ವರ ಬಂದಾಗಲೂ ಅದನ್ನು ಖಚಿತ ಮಾಡಿದ್ದು ಭೋಪಾಲವೇ.

ಫಲಿತಾಂಶ ಬರುವವರೆಗಿನ ಮೂರು ದಿನ ಬಹಳ ಉದ್ದ ಇದ್ದವು.

ಮಂಗಳವಾರ ಐದು ಸತ್ತವು. ಬುಧವಾರ ಆರು. ಸತ್ತದ್ದನ್ನು ಹೂಳುವುದೇ ಒಂದು ದೊಡ್ಡ ಕೆಲಸವಾಯಿತು. ಪುಸ್ತಕದಲ್ಲಿ ಸುಲಭ, ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ, ಮುಚ್ಚಿ ಅಂತ ಬರೆದಿರುತ್ತದೆ. ನಮ್ಮಲ್ಲಿ ಮಾರ್ಚ್ ತಿಂಗಳ ಮುರಕಲ್ಲು ನೆಲ ಅಂದರೆ ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಮೆತ್ತಗಿನ ಮಣ್ಣು ಇರುವುದು ಕೆಳಗೆ ತೋಡಿನ ಹತ್ತಿರ, ಅಲ್ಲಿ ತೋಡಿದರೆ ನೀರು. ಮನೆಗೊಂದು ಬಾವಿ ಇರುವ ಊರು ಇದು, ಎಲ್ಲಿ ಹೂತರೂ ಯಾರದ್ದಾದರೂ ಬಾವಿಗೆ ಹತ್ತಿರವೇ. ಕೊನೆಗೆ ಮೇಲಿನ ಗೇರು ಗುಡ್ಡದಲ್ಲಿ, ಬಾವಿಗಳಿಂದ ದೂರ, ಮಗ ಮತ್ತು ಪಕ್ಕದ ಮನೆಯ ಭಾವ ಇಬ್ಬರೂ ಪಿಕ್ಕಾಸಿನಲ್ಲಿ ಅರ್ಧ ದಿನ ಕಡಿದು ನಾಲ್ಕು ಅಡಿ ಗುಂಡಿ ಮಾಡಿದರು. ನಾಯಿ ಕೆದಕದ ಹಾಗೆ ಮೇಲೆ ಮುರಕಲ್ಲಿನ ತುಂಡು ಹೇರಿದರು. ಇಂಥ ಗುಂಡಿಗೆ ಜಾಗ ಎಲ್ಲಿ ಅಂತ ಪ್ರತಿ ಊರಿನವರೂ ಮೊದಲೇ ಯೋಚಿಸಿಟ್ಟರೆ ಒಳ್ಳೆಯದು. ಕೋಳಿ ಸತ್ತ ದಿನ ಯೋಚಿಸಲು ಹೋದರೆ ಕೊನೆಗೆ ತೋಡೇ ಗತಿ. ತೋಡಿಗೆ ಬಿದ್ದದ್ದು ಕೆಳಗಿನ ಹತ್ತು ಮನೆಯ ಕೋಳಿಗೆ ಮುಟ್ಟುತ್ತದೆ.

ಮಂಗಳವಾರ ಸಂಜೆ ಇನ್ನೊಂದು ಗಲಾಟೆ. ರಸ್ತೆ ಬದಿ ಕರೆಂಟ್ ಕಂಬದ ಕೆಳಗೆ ಒಂದು ಕಾಗೆ ಸತ್ತು ಬಿದ್ದಿತ್ತು. ಅಷ್ಟೇ ಸಾಕು, ವಾಟ್ಸಾಪ್‌ನಲ್ಲಿ ಹತ್ತು ಕಾಗೆ ಅಂತ ಆಯಿತು, ಆಮೇಲೆ ಊರಿಡೀ ಕಾಗೆ ಅಂತ ಆಯಿತು. ಜನ ಹೆದರುವುದು ಸುಳ್ಳಲ್ಲ. 2021ರ ಜನವರಿಯಲ್ಲಿ ಮಂಗಳೂರು ಪಕ್ಕದ ಮಂಜನಾಡಿಯಲ್ಲಿ ಕಾಗೆಗಳು ಸತ್ತು ಬಿದ್ದಾಗಲೂ ಹೀಗೇ ಆಗಿತ್ತು, ಆಗ ಕೇರಳದ ಆಲಪ್ಪುಳ, ಕೋಟ್ಟಯಂ ಕಡೆ ಬಾತುಕೋಳಿಗಳಲ್ಲಿ ಹಕ್ಕಿ ಜ್ವರ ಇತ್ತು, ಆದರೆ ಮಂಜನಾಡಿಯ ಪರೀಕ್ಷೆಯಲ್ಲಿ ಅದು ಸಿಗಲಿಲ್ಲ. ನಮ್ಮ ಕಾಗೆಯ ಒಂದು ಕಾಲಲ್ಲಿ, ರೆಕ್ಕೆಯ ತುದಿಯಲ್ಲಿ ಸುಟ್ಟ ಗುರುತು ಇತ್ತು. ತಂತಿ ತಗಲಿ ಸತ್ತದ್ದು ಅಂತ ನನಗೆ ಅನ್ನಿಸಿತು. ಆದರೂ ಎತ್ತಿ ಕಟ್ಟಿ ಕಳಿಸಿದೆವು. ಅದರಲ್ಲೂ ಹಕ್ಕಿ ಜ್ವರ ಇರಲಿಲ್ಲ ಅಂತ ಆಮೇಲೆ ಬಂತು. ಕಾಡು ಹಕ್ಕಿ ಸತ್ತು ಬಿದ್ದರೆ ಮುಟ್ಟದೆ ಇಲಾಖೆಗೆ ಒಂದು ಫೋನ್ ಮಾಡಿ, ಅಷ್ಟೇ ನಿಮ್ಮ ಕೆಲಸ. ಒಂದೇ ಜಾಗದಲ್ಲಿ ಐದಾರು ಕಾಗೆ, ಕೊಕ್ಕರೆ, ನವಿಲು ಸತ್ತರಂತೂ ತಡ ಮಾಡಲೇಬೇಡಿ.

ಇಲ್ಲಿ ಒಂದು ಹೆಸರಿನ ತೊಂದರೆ ಹೇಳಬೇಕು. ಕೊಕ್ಕರೆ ರೋಗ ಅಂದ ಕೂಡಲೇ ಆ ಊರಿನ ಇಬ್ಬರು ಹಿರಿಯರು ಗದ್ದೆಯಲ್ಲಿ ಓಡಾಡುವ ಬೆಳ್ಳಕ್ಕಿ, ಕೊಕ್ಕರೆಗಳಿಂದ ಬಂತು ಅಂತ ತೀರ್ಮಾನ ಮಾಡಿ ಅವನ್ನು ಓಡಿಸಲಿಕ್ಕೆ ಪಟಾಕಿ ತರಿಸುವ ಮಾತಾಡಿದರು. ಹೆಸರಲ್ಲಿ ಕೊಕ್ಕರೆ ಇದ್ದ ಮಾತ್ರಕ್ಕೆ ಕೊಕ್ಕರೆ ತಪ್ಪು ಮಾಡಿಲ್ಲ. ಈ ರೋಗ 1926ರಲ್ಲಿ ಜಾವಾ ದ್ವೀಪದಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಕಾಣಿಸಿತು, ಅದಕ್ಕೇ ಜಗತ್ತು ಅದನ್ನು ನ್ಯೂಕಾಸಲ್ ರೋಗ ಅನ್ನುತ್ತದೆ. ಮರುವರ್ಷ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಸಿಕ್ಕಿತು, ಹಾಗಾಗಿ ನಮ್ಮ ದೇಶದಲ್ಲಿ ಆ ಊರಿನ ಹೆಸರೇ ನಿಂತಿತು. ಕಾಡು ಹಕ್ಕಿಗಳಿಗೂ ಈ ವೈರಸ್ ತಗಲುತ್ತದೆ, ನಿಜ. ಪಾರಿವಾಳಗಳಿಗೆ ಇದರದ್ದೇ ಒಂದು ತಳಿ ಉಂಟು, ಕತ್ತು ತಿರುಚಿದ ಪಾರಿವಾಳ ನೋಡಿದ್ದರೆ ಅದು ಇದೇ ಇರಬಹುದು. ಆದರೆ ಹಿತ್ತಲ ಕೋಳಿಗೆ ಹೆಚ್ಚಾಗಿ ಇದನ್ನು ತರುವುದು ನಾವೇ. ಹೊಸದಾಗಿ ತಂದ ಕೋಳಿ, ಕೋಳಿ ಅಂಗಡಿಯಿಂದ ತಂದು ಹಿತ್ತಲಿಗೆ ಎಸೆದ ಪುಕ್ಕ ಕರುಳು, ಸಂತೆಗೆ ಅಂಕಕ್ಕೆ ಹೋಗಿ ಬಂದ ಚಪ್ಪಲಿ, ಮೊಟ್ಟೆಯ ಟ್ರೇ, ಕೋಳಿ ಸಾಗಿಸಿದ ಬುಟ್ಟಿ. ಬೆಳ್ಳಕ್ಕಿಗಳನ್ನು ಓಡಿಸಬೇಡಿ ಅಂತ ಕೈಮುಗಿದು ಹೇಳಿದೆ. ಓಡಿಸಿದ ಹಕ್ಕಿ ಇನ್ನೊಂದು ಊರಿಗೆ ಹೋಗುತ್ತದೆ, ರೋಗ ನಮ್ಮ ಗೂಡಲ್ಲೇ ಇರುತ್ತದೆ.

ಬುಧವಾರ ಬೆಳಿಗ್ಗೆ ಮಗನ ಎಡಗಣ್ಣು ಕೆಂಪಾಯಿತು. ಗೂಡು ಉಜ್ಜಿ ತೊಳೆದದ್ದು ಅವನೇ, ಮೊದಲ ದಿನ ಮಾಸ್ಕ್ ಇಲ್ಲದೆ. ಕೊಕ್ಕರೆ ರೋಗದ ವೈರಸ್ ಮನುಷ್ಯರ ಕಣ್ಣಿಗೆ ತಗಲಿದರೆ ಹೀಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಕೆಲವು ದಿನದಲ್ಲಿ ತಾನೇ ಹೋಗುತ್ತದೆ, ಹೆದರುವಂಥದ್ದಲ್ಲ. ಆದರೆ ಹಕ್ಕಿ ಜ್ವರದಲ್ಲೂ ಜನರಿಗೆ ಕಣ್ಣು ಕೆಂಪಾಗಬಹುದು, ಮತ್ತು ಅದು ಹೆದರುವಂಥದ್ದೇ. ಫಲಿತಾಂಶ ಇನ್ನೂ ಬಂದಿಲ್ಲ. ಆರೋಗ್ಯ ಇಲಾಖೆಗೆ ತಿಳಿಸಿದೆವು, ಆಶಾ ಕಾರ್ಯಕರ್ತೆ ಬಂದು ಮನೆಯ ಎಲ್ಲರ ಜ್ವರ, ಕೆಮ್ಮು ವಿಚಾರಿಸಿ ಬರೆದುಕೊಂಡರು, ಅವನನ್ನು ಕೆಲಸಕ್ಕೆ ಹೋಗದೆ ಮನೆಯಲ್ಲೇ ಬೇರೆ ಕೋಣೆಯಲ್ಲಿ ಇರಲು ಹೇಳಿದರು. ಭಾನುವಾರ ಮಾಡಿದ ಪದಾರ್ಥದ ನೆನಪಾಗಿ ಅಮ್ಮ ಅಳಲು ಶುರು ಮಾಡಿದರು. ಚೆನ್ನಾಗಿ ಬೆಂದ ಮಾಂಸದಲ್ಲಿ ವೈರಸ್ ಉಳಿಯುವುದಿಲ್ಲ, 70 ಡಿಗ್ರಿ ಶಾಖಕ್ಕೆ ಅದು ಸಾಯುತ್ತದೆ, ನಮ್ಮ ಸಾರು ಕೊತಕೊತ ಕುದಿಯುತ್ತದೆ ಅಲ್ವಾ ಅಂತ ಸಮಾಧಾನ ಮಾಡಿದೆ. ಅಪಾಯ ಇರುವುದು ತಿನ್ನುವಾಗ ಅಲ್ಲ, ಕಾಯಿಲೆ ಕೋಳಿಯನ್ನು ಕೊಯ್ದು ಪುಕ್ಕ ಕಿತ್ತು ಕರುಳು ತೆಗೆಯುವಾಗ. ಆ ಕೆಲಸ ಮಾಡಿದ್ದು ಅಮ್ಮನೇ. ಅದನ್ನು ಅವತ್ತು ಜೋರಾಗಿ ಹೇಳಲಿಲ್ಲ, ಆಶಾ ಕಾರ್ಯಕರ್ತೆಗೆ ಮಾತ್ರ ಹೇಳಿ ಅಮ್ಮನ ಹೆಸರನ್ನೂ ಬರೆಸಿದೆ.

ಗುರುವಾರ ಮಧ್ಯಾಹ್ನ ಫೋನ್ ಬಂತು. ಹಕ್ಕಿ ಜ್ವರ ಇಲ್ಲ. ಕೊಕ್ಕರೆ ರೋಗದ ವೈರಸ್ ಇದೆ. ಕೊಯ್ದು ನೋಡಿದಾಗ ಆ ಮೆತ್ತನೆ ಹೊಟ್ಟೆಯಲ್ಲಿ ರಕ್ತದ ಚುಕ್ಕಿಗಳು ಸ್ಪಷ್ಟವಾಗಿ ಇದ್ದವು, ಕರುಳಿನಲ್ಲಿ ಹುಣ್ಣುಗಳಿದ್ದವು. ಬರಹದಲ್ಲಿ ವರದಿ ಬಂದದ್ದು ನಂತರದ ವಾರ. ನಾನು ಅಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವರು ಮೊದಲು "ದೇವರು ದೊಡ್ಡವನು" ಅಂದರು. ಆಮೇಲೆ, "ಹಾಗಾದ್ರೆ ಉಳಿದದ್ದಕ್ಕೆ ಎಂಥ ಮದ್ದು ಕೊಡುದು?" ಅಂದರು.

ಮದ್ದು ಇಲ್ಲ. ಇದನ್ನು ಹೇಳುವುದು ಬಹಳ ಕಷ್ಟದ ಕೆಲಸ. ಅಷ್ಟರಲ್ಲೇ ಅವರು ಅರಸಿನ ಬೆಳ್ಳುಳ್ಳಿ ಅರೆದು ಕುಡಿಸಿದ್ದರು, ಮೆಡಿಕಲ್‌ನಿಂದ ಮನುಷ್ಯರ ಆಂಟಿಬಯಾಟಿಕ್ ಮಾತ್ರೆ ತಂದು ನೀರಿಗೆ ಹಾಕಿದ್ದರು. ಆಂಟಿಬಯಾಟಿಕ್ ವೈರಸ್ಸಿಗೆ ಮುಟ್ಟುವುದೇ ಇಲ್ಲ. ಸುಮ್ನೆ ದುಡ್ಡು ಹಾಳು. ಮುಂದೆ ಅದೇ ಮಾತ್ರೆ ನಮಗೇ ಬೇಕಾದಾಗ ಕೆಲಸ ಮಾಡದೆ ಹೋಗುವ ಅಪಾಯವೂ ಉಂಟು. ನಾನು ಹೇಳಿದ್ದು ಇಷ್ಟು, ನೆರಳು, ಶುದ್ಧ ನೀರು, ಕತ್ತು ತಿರುಚಿದವಕ್ಕೆ ಕೈಯಿಂದ ಗಂಜಿ, ಮತ್ತು ತೀರಾ ನರಳುವುದನ್ನು ನೋವಿಲ್ಲದೆ ಮುಗಿಸುವುದು. "ಈಗಲಾದರೂ ಲಸಿಕೆ ಹಾಕಿ" ಅಂತಲೂ ಕೇಳಿದರು. ರೋಗ ಬಂದ ಗುಂಪಿಗೆ ಹಾಕಲಿಲ್ಲ. ಮೈಯೊಳಗೆ ಆಗಲೇ ವೈರಸ್ ಇರುವ ಕೋಳಿ ಲಸಿಕೆಯಿಂದ ಉಳಿಯುವುದಿಲ್ಲ, ಮರುದಿನ ಸತ್ತರೆ ಸೂಜಿಯಿಂದಲೇ ಸತ್ತಿತು ಅಂತ ಊರೆಲ್ಲ ಹೇಳುತ್ತದೆ, ಮುಂದಿನ ಹತ್ತು ವರ್ಷ ಯಾರೂ ಲಸಿಕೆಗೆ ಗೂಡು ತೆರೆಯುವುದಿಲ್ಲ.

ಗುರುವಾರ 3, ಶುಕ್ರವಾರ 2, ನಂತರ 11ನೇ ತಾರೀಖಿನವರೆಗೆ ಇನ್ನೆರಡು. ಅಲ್ಲಿಗೆ ನಿಂತಿತು. 38ರಲ್ಲಿ ಸತ್ತದ್ದು 27, ಕೊಯ್ದದ್ದು 1, ಮಗಳ ಮನೆಗೆ ಹೋದದ್ದು 2. ಆ ಎರಡೂ ಅಲ್ಲಿ ಸತ್ತವು, ಜೊತೆಗೆ ಮಗಳ ಮನೆಯ 11 ಕೋಳಿಗಳೂ ಹೋದವು. ಆ ಮನೆಗೂ ಹೋಗಿ ಬಂದೆ. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಉಳಿದದ್ದು ಎಂಟು. ಕತ್ತು ಸೊಟ್ಟಗಾದ ಎರಡು ಮರಿ, ಒಂದು ಮುದಿ ಹೇಂಟೆ, ಅದರ ನಾಲ್ಕು ಪಿಳ್ಳೆ, ಮತ್ತು ಅಳಿಯ ತಂದ ಆ ಹುಂಜ. ಹುಂಜಕ್ಕೆ ಒಂದು ದಿನವೂ ಏನೂ ಆಗಲಿಲ್ಲ. "ಅದರಿಂದ ಬಂದದ್ದಾದರೆ ಅದೇ ಮೊದಲು ಸಾಯ್ಬೇಕಿತ್ತಲ್ಲ ಡಾಕ್ಟ್ರೇ" ಅಂತ ಅಳಿಯ ಕೇಳಿದ. ಕೇಳುವುದು ನ್ಯಾಯವೇ. ಅಂಕದ ಕೋಳಿಗಳಿಗೆ ಸಾಕುವವರು ಲಸಿಕೆ ತಪ್ಪಿಸುವುದು ಕಡಿಮೆ, ಇದಕ್ಕೂ ಹಾಕಿಸಿದ್ದರು ಅಂತ ವಿಚಾರಿಸಿದಾಗ ತಿಳಿಯಿತು. ಲಸಿಕೆ ಹಾಕಿದ ಕೋಳಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಆದರೆ ವೈರಸ್ ಮೈಗೆ ಹೊಕ್ಕರೆ ಅದು ಸ್ವಲ್ಪ ದಿನ ಹೊರಗೆ ಬಿಡುತ್ತಾ ಇರಬಹುದು. ಬಂದ ದಿನದಿಂದ ಲಕ್ಷಣ ಕಂಡ ದಿನಕ್ಕೆ ಆರು ದಿನ, ಲೆಕ್ಕವೂ ಸರಿಹೊಂದುತ್ತದೆ. ಹುಂಜವೇ ತಂದದ್ದು ಅಂತ ನನ್ನ ಬಲವಾದ ಅನುಮಾನ. ಮುದಿ ಹೇಂಟೆ ಹಿಂದೆ ಯಾವಾಗಲೋ ಈ ರೋಗ ದಾಟಿ ಬಂದಿರಬೇಕು, ಅಂಥ ತಾಯಿಯ ಮೊಟ್ಟೆಯಿಂದಲೇ ಪಿಳ್ಳೆಗಳಿಗೆ ಮೊದಲ ಎರಡು ಮೂರು ವಾರಕ್ಕೆ ಸಾಕಾಗುವಷ್ಟು ರಕ್ಷಣೆ ಸಿಗುತ್ತದೆ. ಹುಂಜವನ್ನು 21 ದಿನ, ಬರೀ 21 ದಿನ, ಬೇರೆ ಬುಟ್ಟಿಯಲ್ಲಿ ಮನೆಯ ಇನ್ನೊಂದು ಬದಿಗೆ ಕಟ್ಟಿ ಹಾಕಿದ್ದರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಪರಿಹಾರದ ಮಾತು ಬಂತು. ಹಕ್ಕಿ ಜ್ವರ ಅಂತಾದರೆ ಸರ್ಕಾರವೇ ಸುತ್ತಲಿನ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುತ್ತದೆ, ಹತ್ತು ಕಿಲೋಮೀಟರ್‌ವರೆಗೆ ಕಣ್ಣಿಡುತ್ತದೆ, ಕೊಂದ ಕೋಳಿಗೆ ದುಡ್ಡು ಕೊಡುತ್ತದೆ. ಕೊಕ್ಕರೆ ರೋಗದಲ್ಲಿ ಸತ್ತ ಕೋಳಿಗೆ ಹಾಗೆ ಏನೂ ಇಲ್ಲ. ಜನ ಕಾಯಿಲೆ ಬಂದ ಕೂಡಲೇ ಉಳಿದದ್ದನ್ನು ಮಾರಲು ಓಡುವುದಕ್ಕೆ ಇದೂ ಒಂದು ಕಾರಣ. ಇದು ಬದಲಾಗಬೇಕು ಅಂತ ನಾನು ಬಲವಾಗಿ ನಂಬುತ್ತೇನೆ. ವರ್ಷಾ ವರ್ಷಾ ನಮ್ಮ ಹಿತ್ತಲುಗಳಲ್ಲಿ ಕೋಳಿಗಳನ್ನು ಮುಗಿಸುವುದು ಟೀವಿಯಲ್ಲಿ ಬರುವ ರೋಗಕ್ಕಿಂತ ಹೆಚ್ಚಾಗಿ ಈ ರೋಗ.

ಗೂಡು ತೊಳೆಯುವುದರಲ್ಲಿ ಎಲ್ಲರೂ ಮಾಡುವ ಒಂದು ತಪ್ಪು ಇಲ್ಲೂ ಆಗಿತ್ತು. ಹಿಕ್ಕೆಯ ಮೇಲೆಯೇ ಬ್ಲೀಚಿಂಗ್ ಪುಡಿ ಚೆಲ್ಲಿದ್ದರು. ಕೊಳೆಯ ಮೇಲೆ ಬಿದ್ದ ಬ್ಲೀಚಿಂಗ್ ಕೊಳೆಯಲ್ಲೇ ಮುಗಿದುಹೋಗುತ್ತದೆ. ಮೊದಲು ಕೆರೆದು ತೆಗೆದು ಹೂಳಬೇಕು, ಸೋಪಿನ ನೀರಲ್ಲಿ ಉಜ್ಜಬೇಕು, ಆಮೇಲೆ ಬ್ಲೀಚಿಂಗ್ ನೀರು, ಆಮೇಲೆ ಸುಣ್ಣ, ಆಮೇಲೆ ಬಿಸಿಲು. ಮಾರ್ಚ್ ಏಪ್ರಿಲ್ ಬಿಸಿಲು ನಮಗೆ ಸಹಾಯ ಮಾಡಿತು. ಆರು ವಾರ ಹೊಸ ಕೋಳಿ ತರಬೇಡಿ ಅಂದೆ, ಅಮ್ಮ ಎಂಟು ವಾರ ಬಿಟ್ಟರು. ಮಗನ ಕಣ್ಣು ನಾಲ್ಕು ದಿನದಲ್ಲಿ ಸರಿಯಾಯಿತು.

ಇನ್ನು ಲಸಿಕೆ. ಮಾರ್ಚ್ 8ರ ಶನಿವಾರ ಸಂಜೆ, ಕಾಯಿಲೆ ಮುಟ್ಟದ ಸುತ್ತಲಿನ ಏಳು ಮನೆಗಳಿಗೆ ಹೋದೆವು. ಈ ಸಲ ಕೋಳಿ ನೂರು ಆಗಲಿ ಅಂತ ನಾನು ಕಾಯಲಿಲ್ಲ. ಏಳು ಮನೆ ಸೇರಿ 112 ಆಯಿತು, ಅಂದರೆ ಅಕ್ಟೋಬರ್‌ನಲ್ಲಿ ನಾನೇ ನಾಲ್ಕು ಮನೆಯ ಬಾಗಿಲು ತಟ್ಟಿದ್ದರೆ ಈ ಲೆಕ್ಕ ಆಗಲೇ ತುಂಬುತ್ತಿತ್ತು. ಮನೆಯವರೇ ಮಾತಾಡಿಕೊಂಡು ಬರಲಿ ಅಂತ ನಾನು ಬಿಟ್ಟದ್ದು ತಪ್ಪು. ಮೊದಲು ಆ ಏಳು ಮನೆಗೆ, ಆಮೇಲೆ ಕಾಯಿಲೆ ಮನೆಯ ಕೋಳಿಗಳನ್ನು ನೋಡಲು, ಈ ಕ್ರಮ ಮುಖ್ಯ, ಇಲ್ಲದಿದ್ದರೆ ಡಾಕ್ಟರ ಚಪ್ಪಲಿಯೇ ರೋಗ ಹೊತ್ತೊಯ್ಯುತ್ತದೆ.

ಎಂಟು ವಾರ ದಾಟಿದ ಕೋಳಿಗಳಿಗೆ ಆರ್‌2ಬಿ ಅನ್ನುವ ಲಸಿಕೆ, ಅರ್ಧ ಎಂಎಲ್, ಚರ್ಮದ ಕೆಳಗೆ. ಇದರ ತಳಿ ಮುಕ್ತೇಶ್ವರದ್ದು, ರಾಣಿಖೇತ್ ಇರುವ ಅದೇ ಕುಮಾವೂನ್ ಬೆಟ್ಟಗಳ ಊರು. ಸ್ವಲ್ಪ ಖಾರದ ಲಸಿಕೆ ಅದು, ಸಣ್ಣ ಮರಿಗಳಿಗೆ ಹಾಕಬಾರದು. ಪಿಳ್ಳೆಗಳಿಗೆ ಒಂದು ವಾರದೊಳಗೆ ಎಫ್ ಅಥವಾ ಲಸೋಟಾ ಅನ್ನುವ ಸೌಮ್ಯ ಲಸಿಕೆ, ಕಣ್ಣಿಗೆ ಒಂದು ಹನಿ, ನಾಲ್ಕೈದು ವಾರಕ್ಕೆ ಮತ್ತೊಮ್ಮೆ ಲಸೋಟಾ. ಹನಿ ಬಿಟ್ಟ ಮೇಲೆ ಪಿಳ್ಳೆ ಕಣ್ಣು ಮಿಟುಕಿಸಿ ಒಳಗೆಳೆದುಕೊಳ್ಳುವವರೆಗೆ ಕೈಯಲ್ಲೇ ಹಿಡಿದಿರಬೇಕು, ಅವಸರದಲ್ಲಿ ಬಿಟ್ಟರೆ ತಲೆ ಕೊಡವಿ ಹೊರಗೆ ಚೆಲ್ಲುತ್ತದೆ. ನೀರಿಗೆ ಬೆರೆಸಿ ಕೊಡುವವರು ನಲ್ಲಿಯ ಕ್ಲೋರಿನ್ ನೀರು ಬಳಸಬಾರದು, ಲಸಿಕೆ ಸಾಯುತ್ತದೆ. ಬಾವಿ ನೀರು, ಅದಕ್ಕೆ ಸ್ವಲ್ಪ ಕೆನೆ ತೆಗೆದ ಹಾಲಿನ ಪುಡಿ. ಸೀಸೆ 2ರಿಂದ 8 ಡಿಗ್ರಿ ತಂಪಲ್ಲೇ ಇರಬೇಕು. ನಾನು ಐಸ್ ತುಂಬಿದ ಥರ್ಮಾಸ್‌ನಲ್ಲಿ ಒಯ್ಯುತ್ತೇನೆ. ಸ್ಕೂಟರಿನ ಡಿಕ್ಕಿಯಲ್ಲಿ ಹಾಗೇ ಇಟ್ಟು ಮಧ್ಯಾಹ್ನದ ಬಿಸಿಲಲ್ಲಿ ತಂದ ಲಸಿಕೆ ಹಾಕುವುದೂ ಒಂದೇ, ಹಾಕದೇ ಇರುವುದೂ ಒಂದೇ.

ಹೊತ್ತು ಮುಳುಗಿದ ಮೇಲೆ ಹೋಗುವುದು ಒಳ್ಳೆಯದು. ಕೋಳಿಗಳು ತಾವೇ ಗೂಡಿಗೆ ಬಂದಿರುತ್ತವೆ, ಓಡಿಸಿ ಹಿಡಿಯುವ ಹಿಂಸೆ ಇಲ್ಲ. ಅವತ್ತು ಟಾರ್ಚ್ ಹಿಡಿದು ಮನೆಯಿಂದ ಮನೆಗೆ ದಾರಿ ತೋರಿಸಿದ್ದು ಅಕ್ಟೋಬರ್‌ನಲ್ಲಿ ಬೇಡ ಅಂದಿದ್ದ ಮನೆಯ ಅಣ್ಣನೇ. ಆ ಏಳು ಮನೆಗಳಲ್ಲಿ ಮೂರು ಕೋಳಿ ಮಾತ್ರ ಸತ್ತವು, ಮೂರೂ ಒಂದೇ ಮನೆಯದ್ದು, ತೋಡಿನ ಪಕ್ಕದ್ದು.

ಮೇ ತಿಂಗಳಲ್ಲಿ ಅಮ್ಮ ಮತ್ತೆ ಕೋಳಿ ಶುರು ಮಾಡಿದರು. ಉಳಿದ ಮುದಿ ಹೇಂಟೆಗೆ ಕಾವು ಕೂರಿಸಿ ಒಂಬತ್ತು ಮರಿ ತೆಗೆದರು, ಹತ್ತು ಗಿರಿರಾಜ ತಳಿಯ ಮರಿ ಹೊರಗಿಂದ ತಂದು ಮೂರು ವಾರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಬೇರೆಯೇ ಇಟ್ಟರು. ಅಳಿಯನ ಹುಂಜವನ್ನು ಅವನೇ ಒಯ್ದ. ಅಡಿಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಕೆಳಗೆ ಲಸಿಕೆಯ ತಾರೀಖು ಬರೆದಿದ್ದಾರೆ, ತಮ್ಮ ಮನೆಯದ್ದಷ್ಟೇ ಅಲ್ಲ, ಎಂಟೂ ಮನೆಯದ್ದು. ಸೆಪ್ಟೆಂಬರ್ ಮೊದಲ ವಾರ ಅವರದ್ದೇ ಫೋನ್ ಬಂತು.

"ಡಾಕ್ಟ್ರೇ, ಆರು ತಿಂಗಳು ಆಯ್ತು. ಎಲ್ಲಾ ಮನೆ ಸೇರಿ ನೂರ ಮೂವತ್ತೊಂದು ಉಂಟು. ಎರಡು ಸೀಸೆ ತನ್ನಿ. ಶನಿವಾರ ಸಂಜೆ ಎಲ್ಲರೂ ಮನೆಯಲ್ಲಿ ಇರ್ತಾರೆ, ನಾನು ಹೇಳಿ ಆಗಿದೆ."